ತಾರಸಿಯ 26 ಕುಂಡಗಳಿಗೆ ಹನಿ ನೀರು: ಒಂದು ಮಾರ್ಚ್ ಕೊನೆಯ ಲೆಕ್ಕ

ಏಪ್ರಿಲ್ ಮೊದಲೆರಡು ವಾರ ನಾನು ಮನೆಯಲ್ಲಿರುವುದು ಕಡಿಮೆ. ಮಾರ್ಚ್ 31ಕ್ಕೆ ಬ್ಯಾಂಕುಗಳ ಲೆಕ್ಕ ಮುಗಿಯುತ್ತದೆ, ಅದರ ಬೆನ್ನಿಗೇ ಶಾಖೆಗಳ ಆಡಿಟ್ ಶುರುವಾಗುತ್ತದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರು ಬ್ಯಾಗು ಹೆಗಲಿಗೇರಿಸಿ ಜಗಳೂರು, ಹರಪನಹಳ್ಳಿ ಎಂದು ಹೊರಡುತ್ತೇವೆ. ದಾವಣಗೆರೆಯ ಬಿಸಿಲು ನೆತ್ತಿ ಸುಡುವುದೂ ಅದೇ ಹೊತ್ತಿಗೆ. ತಾರಸಿಯ ಕುಂಡಗಳಿಗೆ ಒಂದು ದಿನ ನೀರು ತಪ್ಪಿದರೆ ಟೊಮೆಟೊ ಎಲೆ ಜೋಲುತ್ತದೆ. ಎರಡು ದಿನ ತಪ್ಪಿದರೆ ಪುದೀನದ ಆಸೆ ಬಿಡಬೇಕು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತುವಂತಿಲ್ಲ. ಕಳೆದ ವರ್ಷ ಕೆಳಗಿನ ಬಾಡಿಗೆ ಮನೆಯ ಹುಡುಗನಿಗೆ ಹೇಳಿ ಹೋಗಿದ್ದೆ. ಪಾಪ, ದಿನವೂ ತಪ್ಪದೆ ನೀರು ಹಾಕಿದ್ದ, ಆದರೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಾಕಿದ್ದ. ನಾನು ಬರುವಷ್ಟರಲ್ಲಿ ಬದನೆಯ ಬೇರೆಲ್ಲ ಮಣ್ಣಿನಿಂದ ಹೊರಗಿತ್ತು.

ಈ ವರ್ಷ ಡ್ರಿಪ್ ಹಾಕಿದೆ. ಭಾನುವಾರಗಳಲ್ಲಿ ಮಾಡಿದ ಕೆಲಸ, ಆದ್ದರಿಂದ ತಾರೀಕುಗಳೂ ಹೆಚ್ಚಾಗಿ ಭಾನುವಾರದವೇ. ಮಧ್ಯೆ ಕಚೇರಿಯ ಮಾತು, ಓದಿದ ಕಥೆಯ ಮಾತು ನುಸುಳಿವೆ. ಅವನ್ನು ಬೇರೆ ಮಾಡಲು ಹೋಗಿಲ್ಲ.

ಫೆಬ್ರವರಿ 23: ಎಷ್ಟು ನೀರು ಬೇಕು?

ಏನನ್ನೂ ಕೊಳ್ಳುವ ಮೊದಲು ಅಳತೆ. ಸ್ನಾನದ ಮನೆಯ ಒಂದು ಲೀಟರ್ ಮಗ್ಗನ್ನು ಮೇಲೆ ಒಯ್ದು, ಕುಂಡದ ಕೆಳಗಿನ ತೂತಿನಿಂದ ನೀರು ಜಿನುಗಲು ಶುರುವಾಗುವವರೆಗೆ ಎಷ್ಟು ಹಿಡಿಯುತ್ತದೆ ಎಂದು ಬರೆದುಕೊಂಡೆ. 15 ಇಂಚಿನ ಗ್ರೋ ಬ್ಯಾಗು ಎಂಟು (ಟೊಮೆಟೊ, ಬದನೆ, ಒಂದರಲ್ಲಿ ಬಸಳೆ): ತಲಾ ಎರಡು ಲೀಟರಿಗೆ ಸ್ವಲ್ಪ ಕಡಿಮೆ. 12 ಇಂಚಿನ ಕುಂಡ ಹತ್ತು (ಮಲ್ಲಿಗೆ, ದಾಸವಾಳ, ಕರಿಬೇವು, ಗುಲಾಬಿ, ನಿಂಬೆ): ತಲಾ ಒಂದು ಲೀಟರ್. 8 ಇಂಚಿನವು ಎಂಟು (ಪುದೀನ, ದೊಡ್ಡಪತ್ರೆ, ತುಳಸಿ ಇತ್ಯಾದಿ): ತಲಾ ಅರ್ಧ ಲೀಟರ್. ಒಟ್ಟು ದಿನಕ್ಕೆ 30 ಲೀಟರ್ ಆಸುಪಾಸು. ಸೋಮವಾರದಿಂದ ಶನಿವಾರದವರೆಗೆ ಆರು ದಿನಕ್ಕೆ 180 ಲೀಟರ್. ಅಂದರೆ 200 ಲೀಟರಿನ ಒಂದು ಡ್ರಮ್ಮು ಸಾಕು.

ಮೇಲೆ ಸಿಂಟೆಕ್ಸ್ ಟ್ಯಾಂಕ್ ಇರುವಾಗ ಬೇರೆ ಡ್ರಮ್ಮು ಏಕೆ ಎಂದು ತಮ್ಮ ಫೋನಿನಲ್ಲಿ ಕೇಳಿದ. ಆ ಟ್ಯಾಂಕು ಬಾಡಿಗೆಯವರಿಗೂ ಸೇರಿದ್ದು. ನಾನು ಹರಪನಹಳ್ಳಿಯಲ್ಲಿರುವಾಗ ಒಂದು ಪೈಪು ಕಳಚಿಕೊಂಡರೆ ಎರಡು ಮನೆಯವರು ಬೆಳಿಗ್ಗೆ ನಲ್ಲಿ ತಿರುಗಿಸಿ ನನ್ನ ಹೆಸರು ಹಿಡಿದು ಬೈಯುತ್ತಾರೆ. ಡ್ರಮ್ಮಿನದಾದರೆ ಹೋಗುವುದು ಇನ್ನೂರು ಲೀಟರ್, ಬೈಯುವವಳು ಅಮ್ಮ ಒಬ್ಬಳೇ.

ಕಚೇರಿಯ ಸಹೋದ್ಯೋಗಿಯೊಬ್ಬರು ಸಲೈನ್ ಸೆಟ್ ಕಟ್ಟಿ ಎಂದರು. ಅವರ ಮನೆಯಲ್ಲಿ ಹಾಗೆಯೇ ಮಾಡಿದ್ದಾರೆ, ಹೋಗಿ ನೋಡಿದೆ. ಪಾರದರ್ಶಕ ಕೊಳವೆಯೊಳಗೆ ಬಿಸಿಲಿಗೆ ಪಾಚಿ ಕಟ್ಟಿ ಹಸಿರಾಗಿತ್ತು. ಬೆಳಿಗ್ಗೆ ಹೊಂದಿಸಿದ ಚಕ್ರ ಸಂಜೆಯ ಹೊತ್ತಿಗೆ ಹನಿ ನಿಲ್ಲಿಸಿತ್ತು. ಒಂದೆರಡು ಕುಂಡಕ್ಕೆ ಸರಿ, 26ಕ್ಕೆ ಆಗದ ಮಾತು.

ಮಾರ್ಚ್ 2: ಡ್ರಮ್ಮು

ಹಳೆಯ ಡ್ರಮ್ಮು ಮಾರುವವರ ಬಳಿ ಮೊದಲು ಕೇಳಬೇಕಾದ್ದು ಅದರಲ್ಲಿ ಏನು ಬಂದಿತ್ತು ಎಂಬುದು. ರಾಸಾಯನಿಕ ಬಂದದ್ದು ಐನೂರಕ್ಕೂ ಸಿಗುತ್ತದೆ, ತೊಳೆದರೂ ವಾಸನೆ ಹೋಗುವುದಿಲ್ಲ. ಬೇಕರಿಗೆ ಲಿಕ್ವಿಡ್ ಗ್ಲೂಕೋಸ್ ಬಂದಿದ್ದ, ಬಾಯಿ ಪೂರ್ತಿ ತೆರೆಯುವ ನೀಲಿ ಡ್ರಮ್ಮು 850 ರೂಪಾಯಿಗೆ ಸಿಕ್ಕಿತು. ಸೋಪಿನ ನೀರು, ಬಿಸಿನೀರು ಹಾಕಿ ತೊಳೆದು ತಾರಸಿಯಲ್ಲಿ ಬೋರಲು ಹಾಕಿದೆ. ಸಂಜೆ ನೋಡಿದರೆ ಪ್ಯಾರಪೆಟ್ ಗೋಡೆಯಿಂದ ಡ್ರಮ್ಮಿನವರೆಗೆ ಕೆಂಪಿರುವೆಯ ಸಾಲು. ಮುಚ್ಚಳದ ಸುತ್ತಲಿನ ರಬ್ಬರ್ ರಿಂಗಿನ ಸಂದಿಯಲ್ಲಿ ಗ್ಲೂಕೋಸ್ ಗಟ್ಟಿಯಾಗಿ ಕೂತಿತ್ತು. ರಿಂಗನ್ನು ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ ಮೇಲೆ ಇರುವೆಗಳು ದಾರಿ ಬದಲಿಸಿದವು.

ತಳದಿಂದ ನಾಲ್ಕು ಬೆರಳು ಮೇಲೆ ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್‌ಗೆ ತೂತು ಬೇಕು. ಕಬ್ಬಿಣದ ಸರಳು ಕಾಯಿಸಿ ತೂತು ಮಾಡುವ ಸಲಹೆ ಎಲ್ಲರೂ ಕೊಡುತ್ತಾರೆ. ಅದು ಮೊಟ್ಟೆಯಾಕಾರದ ತೂತಾಗುತ್ತದೆ, ವಾಷರ್ ಎಷ್ಟು ಬಿಗಿದರೂ ಒಂದು ಬದಿಯಿಂದ ಜಿನುಗುತ್ತದೆ. ಪ್ಲಂಬರ್ ತಮ್ಮ ಹೋಲ್ ಸಾ ತಂದು ಐದು ನಿಮಿಷದಲ್ಲಿ ದುಂಡಗೆ ಕೊರೆದು 200 ರೂಪಾಯಿ ತೆಗೆದುಕೊಂಡರು. ಈ ಕೆಲಸದಲ್ಲಿ ಇನ್ನೊಬ್ಬರಿಗೆ ಕೊಟ್ಟ ಕೂಲಿ ಇಷ್ಟೇ, ಅದು ದಂಡವಲ್ಲ. ನಿಪ್ಪಲ್ 70, ಬಾಲ್ ವಾಲ್ವ್ 110, ಟೆಫ್ಲಾನ್ ಟೇಪು ಎರಡು ಸುರುಳಿ 40.

ಎರಡು ಸಾಲು ಸಾಲಿಡ್ ಬ್ಲಾಕ್, ಅದರ ಮೇಲೆ ಮನೆ ಕಟ್ಟಿದಾಗ ಉಳಿದಿದ್ದ ಕಡಪಾ ಕಲ್ಲು, ಅದರ ಮೇಲೆ ಡ್ರಮ್ಮು. ಎತ್ತರ 40 ಸೆಂಟಿಮೀಟರ್. ತುಂಬಿದರೆ ಇನ್ನೂರು ಕಿಲೋ ಭಾರ, ಆದ್ದರಿಂದ ತಾರಸಿಯ ನಡುವೆ ಇಡದೆ ಕೆಳಗೆ ಗೋಡೆ ಬರುವ ಕಡೆ ಇಟ್ಟೆ. ತುಂಬಿಸುವಾಗ ಹತ್ತು ಲೀಟರಿನ ಬಕೆಟ್ಟಿನಿಂದಲೇ ಸುರಿದು, ಪ್ರತಿ ಬಕೆಟ್ಟಿಗೂ ಒಳಗೋಡೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ. ಈ ಗೆರೆಗಳು ಮುಂದೆ ಬಹಳ ಉಪಯೋಗಕ್ಕೆ ಬಂದವು.

ಮಾರ್ಚ್ 9: ಆನ್‌ಲೈನ್ ಕಿಟ್

‘30 ಕುಂಡಗಳಿಗೆ ಸಂಪೂರ್ಣ ಹನಿ ನೀರಾವರಿ’ ಎಂದು ಬರೆದಿದ್ದ ಕಿಟ್, 699 ರೂಪಾಯಿ. ಒಳಗೆ 4 ಮಿಲಿಮೀಟರ್ ಕೊಳವೆ, ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಕೆಂಪು ಟೋಪಿಯ ಡ್ರಿಪ್ಪರ್‌ಗಳು. ಜೋಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ವಾಲ್ವ್ ತೆರೆದೆ. ಡ್ರಮ್ಮಿನ ಪಕ್ಕದ ಮಲ್ಲಿಗೆಗೆ ಧಾರೆ, ನಡುವಿನ ಟೊಮೆಟೊಗೆ ಹನಿ, ಕೊನೆಯ ದಾಸವಾಳಕ್ಕೆ ಏನೂ ಇಲ್ಲ. ಮಲ್ಲಿಗೆಯದನ್ನು ಬಿಗಿದರೆ ಪಕ್ಕದ್ದು ಜೋರಾಗುತ್ತದೆ, ಅದನ್ನು ಬಿಗಿದರೆ ಅದರಾಚೆಯದು. ಆ ಕೆಂಪು ಟೋಪಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸೊನ್ನೆಯಿಂದ ಪ್ರವಾಹ. ಬೆಳಕು ಹೋಗುವವರೆಗೆ ಬಗ್ಗಿ ತಿರುಗಿಸುತ್ತಲೇ ಇದ್ದೆ. ಸೊಂಟ ಹಿಡಿಯಿತು.

ಬಿಚ್ಚಿ ಡಬ್ಬಿಗೆ ಹಾಕಿದೆ. ಕೊಳವೆ ಮಾತ್ರ ಮುಂದೆ ಕೆಲಸಕ್ಕೆ ಬಂತು.

ಆ ವಾರ ಕಚೇರಿಯಲ್ಲಿ ತಲೆ ಎತ್ತಲು ಬಿಡುವಿರಲಿಲ್ಲ. ಮಾರ್ಚ್ 15 ಮುಂಗಡ ತೆರಿಗೆಯ ಕೊನೆಯ ಕಂತು. ವರ್ಷವಿಡೀ ಕಾಣದ ಕಕ್ಷಿದಾರರು 14ರ ಸಂಜೆ ಒಂದು ಚೀಲ ತುಂಬ ಬಿಲ್ಲು ತಂದು ಮೇಜಿನ ಮೇಲೆ ಸುರಿದು, ‘ಎಷ್ಟು ಕಟ್ಟಬೇಕು ಹೇಳಿ ಮೇಡಂ, ಬೇಗ’ ಎನ್ನುತ್ತಾರೆ. ಬೇಗ ಎಂಬ ಮಾತನ್ನು ಅವರಿಂದ ಕೇಳುವುದು ವರ್ಷಕ್ಕೆ ಅದೊಂದೇ ಸಲ.

ಮಾರ್ಚ್ 16: ಅಡಿಕೆ ತೋಟದವರ ಅಂಗಡಿ

ಪಿ.ಬಿ. ರಸ್ತೆಯಲ್ಲಿ ಡ್ರಿಪ್ ಸಾಮಾನಿನ ಅಂಗಡಿಗಳಿವೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಬಂದು ಸುರುಳಿಗಟ್ಟಲೆ ಪೈಪು ಒಯ್ಯುವ ಜಾಗ.

‘ಎಷ್ಟು ಎಕರೆ ಅಮ್ಮಾ?’ ಎಂದರು ಗಲ್ಲಾದಲ್ಲಿದ್ದ ಹಿರಿಯರು.

‘ಇಪ್ಪತ್ತಾರು ಕುಂಡ.’

ನಗಲಿಲ್ಲ, ಅದು ಅವರ ದೊಡ್ಡತನ. ಮೂಲೆಯಲ್ಲಿ ಬಿದ್ದಿದ್ದ ತುಂಡು ಸುರುಳಿಯಿಂದ 16 ಮಿಲಿಮೀಟರ್ ಲ್ಯಾಟರಲ್ ಪೈಪು 20 ಮೀಟರ್ ಅಳೆದು ಕೊಟ್ಟರು, ಮೀಟರಿಗೆ 12 ರೂಪಾಯಿ. 4 ಮಿಲಿಮೀಟರ್ ಕೊಳವೆ ಸಾಲದೆ ಬಂದೀತೆಂದು ಇನ್ನೂ 15 ಮೀಟರ್, 60 ರೂಪಾಯಿ. ಗ್ರೊಮೆಟ್, ಟೀ, ಎಲ್ಬೋ, ಎಂಡ್ ಕ್ಯಾಪ್ ಎಲ್ಲ ಸೇರಿ 130. ಮುಕ್ಕಾಲು ಇಂಚಿನ ಜಾಲರಿ ಫಿಲ್ಟರ್ 240. ಡ್ರಿಪ್ಪರ್ ಕೇಳಿದಾಗ ಅಂಗಡಿಯ ಹುಡುಗ ‘ಒಳ್ಳೆಯದೇ ಕೊಡುತ್ತೇನೆ’ ಎಂದು ಪಿ.ಸಿ. (ಪ್ರೆಷರ್ ಕಾಂಪನ್ಸೇಟಿಂಗ್) ಡ್ರಿಪ್ಪರ್ ಕೊಟ್ಟ, ಒಂದಕ್ಕೆ 9 ರೂಪಾಯಿಯಂತೆ ಮೂವತ್ತು. ಏರು ತಗ್ಗಿನ ತೋಟದಲ್ಲೂ ಎಲ್ಲ ಗಿಡಕ್ಕೂ ಸಮ ನೀರು ಕೊಡುವ ಜಾತಿ ಅದು. ಒಳಗೆ ಸಣ್ಣ ರಬ್ಬರ್ ಪೊರೆ ಇರುತ್ತದೆ, ಒತ್ತಡ ಹೆಚ್ಚಾದಾಗ ಅದು ಬಾಗಿ ದಾರಿ ಕಿರಿದು ಮಾಡುತ್ತದೆ.

ಆದರೆ ಆ ಪೊರೆ ಬಾಗಲು ಪಂಪಿನ ಒತ್ತಡ ಬೇಕು. ನನ್ನ ಡ್ರಮ್ಮಿನಿಂದ ಬರುವ ನೀರಿಗೆ ಅಷ್ಟು ಜೀವವೆಲ್ಲಿ? ಕೆಲವು ಡ್ರಿಪ್ಪರ್ ಸುರಿದವು, ಕೆಲವು ಒಣಗಿ ಕುಳಿತವು, ಯಾವುದು ಯಾವಾಗ ಏನು ಮಾಡುತ್ತದೆ ಎಂಬುದಕ್ಕೆ ನಿಯಮವೇ ಇರಲಿಲ್ಲ. ಮತ್ತೆ 270 ರೂಪಾಯಿ ಡಬ್ಬಿಗೆ.

ಎರಡು ದಿನ ಬಿಟ್ಟು ಕಚೇರಿಯಿಂದ ಬರುವಾಗ ಅದೇ ಅಂಗಡಿಗೆ ಹೋದೆ. ಈ ಸಲ ಹಿರಿಯರೇ ಕೇಳಿದರು: ‘ಮೋಟಾರ್ ಇದೆಯೋ, ಬರೀ ಡ್ರಮ್ಮೋ?’ ಡ್ರಮ್ಮು ಎಂದೆ. ‘ಮೊದಲೇ ಹೇಳಬಾರದೇ ಅಮ್ಮಾ’ ಎಂದು 2, 4, 8 ಲೀಟರಿನ ಸಾದಾ ಗುಂಡಿ ಡ್ರಿಪ್ಪರ್ ಮೂವತ್ತನ್ನು ಎಣಿಸಿ ಕೊಟ್ಟರು. ಒಂದಕ್ಕೆ 4 ರೂಪಾಯಿ. ಬೆಲೆ ಹೆಚ್ಚಿನದು ನಮಗೆ ಕೆಟ್ಟದ್ದು, ಅಗ್ಗದ್ದು ಸರಿಯಾದದ್ದು. ಇಂಥ ಸಂದರ್ಭ ಜೀವನದಲ್ಲಿ ವಿರಳ, ಬಿಡಬಾರದು.

ನೆನಪಿಡಬೇಕಾದ ಅಂಕಿ ಒಂದೇ. ಡ್ರಿಪ್ಪರ್ ಮೇಲಿನ 4 ಲೀಟರ್, 8 ಲೀಟರ್ ಎಂಬುದು ಒಂದು ಬಾರ್ ಒತ್ತಡದಲ್ಲಿ ಗಂಟೆಗೆ ಬರುವ ನೀರು. ಒಂದು ಮೀಟರ್ ಎತ್ತರದ ನೀರು ಕೊಡುವುದು ಸುಮಾರು 0.1 ಬಾರ್. ಆದ್ದರಿಂದ ಬರೆದದ್ದರ ಕಾಲುಭಾಗ ಬಂದರೂ ಪುಣ್ಯ. ಎಷ್ಟು ಬರುತ್ತದೆ ಎಂದು ಅಳೆದೇ ನೋಡಬೇಕು.

ಮಾರ್ಚ್ 23: ಲೋಟಗಳು ಮತ್ತು ಧಾರಾವಾಹಿ

ಅಡುಗೆಮನೆಯ ಸ್ಟೀಲ್ ಲೋಟ, ಮದುವೆ ಮನೆಗಳಲ್ಲಿ ಕೊಟ್ಟ ಡಬ್ಬಿ ಎಲ್ಲ ಸೇರಿಸಿ ಪ್ರತಿ ಡ್ರಿಪ್ಪರ್ ಕೆಳಗೂ ಒಂದೊಂದು. ಹತ್ತು ನಿಮಿಷ ಬಿಡುವುದು, ಅಮ್ಮನ ಔಷಧದ ಅಳತೆ ಕಪ್ಪಿನಲ್ಲಿ ಅಳೆಯುವುದು, ಬರೆಯುವುದು. ಆ ಹತ್ತು ನಿಮಿಷ ಮಾಡಲು ಬೇರೆ ಕೆಲಸವಿಲ್ಲ. ಮೆಟ್ಟಿಲ ಕೋಣೆಯ ನೆರಳಲ್ಲಿ ಕೂತು ಅಮ್ಮನ ಟ್ರಂಕಿನಿಂದ ತೆಗೆದ ಧಾರಾವಾಹಿ ಓದತೊಡಗಿದೆ.

ಈ ಟ್ರಂಕಿನ ಬಗ್ಗೆ ಹೇಳಬೇಕು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಕಾದಂಬರಿಗಳ ಹಾಳೆಗಳನ್ನು ವಾರವಾರವೂ ಜೋಪಾನವಾಗಿ ಬಿಡಿಸಿ, ಮುಗಿದ ಮೇಲೆ ದಪ್ಪ ಸೂಜಿಯಲ್ಲಿ ದಾರ ಪೋಣಿಸಿ ಹೊಲಿದು, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಇಟ್ಟಿದ್ದಾಳೆ. ಆ ಕಾಲದ ಬಹಳ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಹೆಸರಾಂತವೇನಲ್ಲ, ಶ್ರೀಮಂತ ಮನೆಯ ಹಟಮಾರಿ ಹುಡುಗಿ, ಬಡ ಉಪನ್ಯಾಸಕ, ನಡುವೆ ಒಬ್ಬ ಸೋದರಮಾವ. ಓದಿಸಿಕೊಂಡು ಹೋಗುತ್ತವೆ. ನನಗೆ ಕಥೆಗಿಂತ ಹಾಳೆಯ ಅಂಚಿನಲ್ಲಿ ಉಳಿದದ್ದರ ಮೇಲೆ ಕಣ್ಣು: ಅರ್ಧ ಕಸೂತಿ ವಿನ್ಯಾಸ, ‘ನಂತರ ಇಂಗಿನ ಒಗ್ಗರಣೆ’ ಎಂದು ಶುರುವಾಗಿ ಯಾವುದಕ್ಕೆ ಒಗ್ಗರಣೆ ಎಂದು ಹೇಳದ ಅಡುಗೆ, ರೇಡಿಯೊದ ಜಾಹೀರಾತಿನ ಅರ್ಧ ಮುಖ.

ಒಂದು ಕಂತು ಓದಲು ಸರಿಯಾಗಿ ಹತ್ತು ನಿಮಿಷ. ಉಪನ್ಯಾಸಕನ ಪತ್ರ ಸೋದರಮಾವನ ಕೈಗೆ ಸಿಗುವಷ್ಟರಲ್ಲಿ ಲೋಟ ನೋಡಲು ಏಳಬೇಕು.

ಫಲಿತಾಂಶ: ಡ್ರಮ್ಮು ತುಂಬಿದ್ದಾಗ 4 ಲೀಟರಿನ ಡ್ರಿಪ್ಪರ್ ಹತ್ತು ನಿಮಿಷಕ್ಕೆ 200 ಮಿಲಿಲೀಟರ್ ಕೊಟ್ಟಿತು. ಸಾಲಿನ ಮೊದಲನೆಯದಕ್ಕೂ ಕೊನೆಯದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಕಿಟ್ಟಿನ ಗೋಳು ತೀರಿತು. ಆದರೆ ಡ್ರಮ್ಮು ತಳ ಕಾಣುವ ಹೊತ್ತಿಗೆ ಅದೇ ಡ್ರಿಪ್ಪರ್‌ನಲ್ಲಿ 90. ಅಂದರೆ ಸೋಮವಾರ ನೀರು ಕುಂಡದಿಂದ ಹರಿದು ತಾರಸಿ ತೊಳೆಯುತ್ತದೆ, ಶನಿವಾರ ಗಿಡ ಬಾಯಾರುತ್ತದೆ. ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಟ್ಟು ನಿಲ್ಲಿಸುವ ಟೈಮರ್ ಇಟ್ಟರೂ ಇದು ಸರಿಹೋಗುವುದಿಲ್ಲ. ಅದಕ್ಕೆ ಗೊತ್ತಿರುವುದು ಗಂಟೆ ಮಾತ್ರ, ನೀರಿನ ಮಟ್ಟವಲ್ಲ.

ಪರಿಹಾರ ಹೊಳೆದದ್ದು ಕೆಳಗಿನ ಮನೆಯ ಏರ್ ಕೂಲರ್ ನೋಡಿ. ಅದರೊಳಗೆ ನೀರು ಒಂದೇ ಮಟ್ಟದಲ್ಲಿ ನಿಲ್ಲಲು ಪುಟ್ಟ ಫ್ಲೋಟ್ ವಾಲ್ವ್ ಇರುತ್ತದೆ. ಡ್ರಮ್ಮಿನಿಂದ ಒಂದು ಸಣ್ಣ ಬಕೆಟ್ಟಿಗೆ, ಬಕೆಟ್ಟಿನಿಂದ ಗಿಡಗಳಿಗೆ. ಡ್ರಮ್ಮಿನಲ್ಲಿ ನೀರು ಎಷ್ಟೇ ಇರಲಿ, ಬಕೆಟ್ಟಿನ ಮಟ್ಟ ಬದಲಾಗದಿದ್ದರೆ ಗಿಡಕ್ಕೆ ಹೋಗುವ ನೀರೂ ಬದಲಾಗುವುದಿಲ್ಲ. ಆದರೆ ಬಕೆಟ್ಟು ಡ್ರಿಪ್ಪರ್‌ಗಿಂತ ಎತ್ತರದಲ್ಲಿರಬೇಕು, ಡ್ರಮ್ಮು ಬಕೆಟ್ಟಿಗಿಂತ ಎತ್ತರದಲ್ಲಿರಬೇಕು. ಬ್ಲಾಕ್ ಮೇಲೆ ಬ್ಲಾಕ್ ಪೇರಿಸಿ ಇನ್ನೂರು ಕಿಲೋ ನಿಲ್ಲಿಸುವ ಧೈರ್ಯ ನನಗಿಲ್ಲ. ಉಳಿದದ್ದು ಮೆಟ್ಟಿಲ ಕೋಣೆಯ ಚಾವಣಿ.

ಮಾರ್ಚ್ 30: ಯುಗಾದಿ, ತಮ್ಮ, ಫ್ಲೋಟ್ ವಾಲ್ವ್

ಹಬ್ಬ ಭಾನುವಾರ ಬಂದದ್ದರಿಂದ ಕಚೇರಿಯವರಿಗೆ ಒಂದು ರಜೆ ಉಳಿಯಿತು, ನನಗೆ ತಮ್ಮ ಸಿಕ್ಕ. ಹೋಳಿಗೆ ಊಟಕ್ಕೆ ಮೊದಲೇ ಕೆಲಸ ಮುಗಿಸಬೇಕೆಂದು ಹೇಳಿ ಅವನನ್ನು ಮೇಲೆ ಹತ್ತಿಸಿದೆ. ಖಾಲಿ ಡ್ರಮ್ಮು ಹಗುರ, ಹಗ್ಗ ಕಟ್ಟಿ ಎಳೆದುಕೊಂಡ. ಸಿಂಟೆಕ್ಸ್ ಪಕ್ಕದಲ್ಲಿ, ಮೂಲೆಯ ಗೋಡೆಯ ಮೇಲೆ ಬರುವಂತೆ ಕೂರಿಸಿದೆವು. ಮೋಟಾರಿನಿಂದ ಬರುವ ಪೈಪಿಗೆ ಅಲ್ಲಿ ಮೊದಲೇ ಒಂದು ಬಿಡಿ ಬಾಯಿ ಇತ್ತು, ತುಂಬಿಸುವ ಚಿಂತೆ ತಪ್ಪಿತು.

ಬಕೆಟ್ಟು ಎಂದರೆ ಹತ್ತು ಲೀಟರಿನ ಖಾಲಿ ಬಣ್ಣದ ಡಬ್ಬಿ. ಪ್ಯಾರಪೆಟ್ ಗೋಡೆಯ ನಡುಭಾಗದಲ್ಲಿ ಕಬ್ಬಿಣದ ಎಲ್ ಪಟ್ಟಿ (180 ರೂಪಾಯಿ) ಹೊಡೆದು ಕೂರಿಸಿದೆವು, ನೀರಿನ ಮಟ್ಟ ಡ್ರಿಪ್ಪರ್‌ಗಳಿಗಿಂತ 50 ಸೆಂಟಿಮೀಟರ್ ಮೇಲೆ ನಿಲ್ಲುವಂತೆ. ಅಲ್ಲಿಂದ ಟೀ ಹಾಕಿ ಎಡಕ್ಕೊಂದು, ಬಲಕ್ಕೊಂದು ಸಾಲು. ಒಂದೇ ಉದ್ದದ ಸಾಲಿಗಿಂತ ಇದು ವಾಸಿ, ಎರಡೂ ತುದಿಗೆ ನೀರು ಸಮನಾಗಿ ಮುಟ್ಟುತ್ತದೆ. ಕೂಲರ್ ಫ್ಲೋಟ್ ವಾಲ್ವ್ 90, ಕ್ಲ್ಯಾಂಪುಗಳು 60.

ಟೈಮರ್ 1,850 ರೂಪಾಯಿ, ಇಡೀ ಕೆಲಸದಲ್ಲಿ ಹೆಚ್ಚು ದುಡ್ಡು ನುಂಗಿದ ವಸ್ತು. ಕೊಳ್ಳುವವರಿಗೆ ಒಂದು ಮಾತು: ಇವುಗಳಲ್ಲಿ ಎರಡು ಜಾತಿ. ಸೊಲೆನಾಯ್ಡ್ (ವಿದ್ಯುತ್ ಕಾಂತದ ವಾಲ್ವ್) ಇರುವುದು ತೆರೆದುಕೊಳ್ಳಲು ನೀರಿನ ಒತ್ತಡ ಕೇಳುತ್ತದೆ. ಬಾಲ್ ವಾಲ್ವ್ ಇರುವುದು ಒತ್ತಡವಿಲ್ಲದಿದ್ದರೂ ಮೋಟಾರಿನಿಂದ ತಿರುಗಿ ತೆರೆಯುತ್ತದೆ. ಡ್ರಮ್ಮಿಗೆ ಎರಡನೆಯದೇ ಬೇಕು. ಅದನ್ನು ಬಕೆಟ್ಟಿನ ನಂತರ ಇಡದೆ ಮೊದಲೇ ಇಟ್ಟೆ. ಫ್ಲೋಟ್ ಕೈಕೊಟ್ಟರೂ ಟೈಮರ್ ತೆರೆದಿರುವ ಹೊತ್ತಿನಲ್ಲಿ ಮಾತ್ರ ನೀರು ಪೋಲಾಗುತ್ತದೆ ಎಂಬ ಲೆಕ್ಕ. ಪ್ಲಾಸ್ಟಿಕ್ ಮರೆ (ಥ್ರೆಡ್) ಇರುವ ಸಾಮಾನು, ಕೈಯಲ್ಲೇ ಬಿಗಿಯಬೇಕು; ತಮ್ಮ ಪಾನಾ ಎತ್ತಿದ, ಕಸಿದುಕೊಂಡೆ.

ಮತ್ತೆ ಲೋಟಗಳು. ಹತ್ತು ನಿಮಿಷಕ್ಕೆ 8 ಲೀಟರಿನದರಲ್ಲಿ 290, 4ರಲ್ಲಿ 145, 2ರಲ್ಲಿ 70 ಮಿಲಿಲೀಟರ್. ದೊಡ್ಡ ಬ್ಯಾಗಿಗೆ 8, ನಡುವಿನ ಕುಂಡಕ್ಕೆ 4, ಸಣ್ಣದಕ್ಕೆ 2 ಎಂದು ಹಾಕಿದರೆ ಒಂದು ಗಂಟೆಯಲ್ಲಿ ಮೂರು ಜಾತಿಗೂ ಬೇಕಾದಷ್ಟು ಹತ್ತಿರ ಹತ್ತಿರ ಸಿಗುತ್ತದೆ. ತಿರುಗಿಸುವುದು, ಹೊಂದಿಸುವುದು ಏನೂ ಇಲ್ಲ. ಟೈಮರ್ ನಿಂತ ಮೇಲೂ ಬಕೆಟ್ಟಿನಲ್ಲಿ ಉಳಿದ ಆರು ಲೀಟರ್ ಇಳಿಯುತ್ತಲೇ ಇರುತ್ತದೆ ಎಂದು ಲೆಕ್ಕ ಹಾಕಿ ಗಂಟೆಯನ್ನು 50 ನಿಮಿಷಕ್ಕೆ ಇಳಿಸಿದೆ. ಹೊತ್ತು ಬೆಳಗಿನ 5.30. ಬಿಸಿಲೇರಿದ ಮೇಲೆ ಬಿಟ್ಟರೆ ಕಪ್ಪು ಪೈಪಿನೊಳಗೆ ಕಾದು ನಿಂತ ನೀರು ಮೊದಲು ಬೇರಿಗೆ ಬೀಳುತ್ತದೆ.

ಹಬ್ಬದ ಗಡಿಬಿಡಿಯಲ್ಲಿ ಪೂರ್ತಿ 50 ನಿಮಿಷ ಓಡಿಸಿ ನೋಡಲಿಲ್ಲ. ಹೋಳಿಗೆ ಆರುತ್ತಿತ್ತು.

ಏಪ್ರಿಲ್ 2ರಿಂದ 5: ಮೊದಲ ಪರೀಕ್ಷೆ, ಫೇಲು

ಜಗಳೂರಿನ ಕಡೆ ಆಡಿಟ್. ಹಗಲೆಲ್ಲ ಬೆಳೆಸಾಲದ ಖಾತೆಗಳು, ಚಿನ್ನದ ಸಾಲದ ಪೊಟ್ಟಣಗಳ ತಾಳೆ, ಮೂರು ತಿಂಗಳಿಗಿಂತ ಹಳೆಯದಾದ ಸ್ಟಾಕ್ ಸ್ಟೇಟ್‌ಮೆಂಟುಗಳ ಪಟ್ಟಿ. ರಾತ್ರಿ ಲಾಡ್ಜಿನಲ್ಲಿ ಧಾರಾವಾಹಿಯ ಮುಂದಿನ ಭಾಗ. 13ನೆಯ ಕಂತಿನ ಕೊನೆಗೆ ನಾಯಕಿ ರೈಲು ಹತ್ತುತ್ತಾಳೆ, ಪುಟ ತಿರುಗಿಸಿದರೆ 15. ಆಸ್ಪತ್ರೆಯ ಹಾಸಿಗೆಯ ಮೇಲಿದ್ದಾಳೆ. ಅಮ್ಮನಿಗೆ ಫೋನ್ ಮಾಡಿದೆ. ‘ಆ ವಾರ ಎದುರುಮನೆಯವರು ಓದಿ ಕೊಡುತ್ತೇನೆ ಎಂದು ಒಯ್ದರು’ ಎಂದಳು. ನಲವತ್ತು ವರ್ಷವಾದರೂ ಧ್ವನಿಯಲ್ಲಿ ಸಿಟ್ಟು ಆರಿರಲಿಲ್ಲ.

ಶನಿವಾರ ರಾತ್ರಿ ಬಂದು ಟಾರ್ಚು ಹಿಡಿದು ಹತ್ತಿದೆ. ಬಕೆಟ್ಟಿನ ಕೆಳಗೆ ತಾರಸಿ ಒದ್ದೆ. ಬಲಸಾಲಿನ ಗಿಡಗಳು ಚೆನ್ನಾಗಿವೆ. ಎಡಸಾಲಿನ ಟೊಮೆಟೊ ತಲೆ ಬಾಗಿವೆ, ಪುದೀನ ಒಣಗಿ ಕಡ್ಡಿಯಾಗಿದೆ. ಡ್ರಮ್ಮಿನಲ್ಲಿ 40ರ ಗೆರೆ. ನಾಲ್ಕು ಬೆಳಗಿಗೆ ದಿನಕ್ಕೆ 28ರಂತೆ 112 ಹೋಗಿ 80 ಚಿಲ್ಲರೆ ಉಳಿಯಬೇಕಿತ್ತು.

ಏಪ್ರಿಲ್ 6: ನೀರಿನ ಆಡಿಟ್

ಆರಂಭದ ಶಿಲ್ಕು, ಖರ್ಚು, ಕೊನೆಯ ಶಿಲ್ಕು ತಾಳೆಯಾಗದಿದ್ದರೆ ಎಲ್ಲೋ ಒಂದು ವೋಚರ್ ಇಲ್ಲ ಎಂದರ್ಥ. ಡ್ರಮ್ಮಿಗೂ ಇದೇ ನ್ಯಾಯ. ಪೂರ್ತಿ 50 ನಿಮಿಷ ಓಡಿಸಿ ಪಕ್ಕದಲ್ಲೇ ಕೂತೆ. ಸಿಕ್ಕಿದ್ದು ಮೂರು.

ಒಂದು, ಫ್ಲೋಟಿನ ತೋಳು. ಬಣ್ಣದ ಡಬ್ಬಿ ಕೆಳಗೆ ಕಿರಿದು, ಮೇಲೆ ಅಗಲ. ಚೆಂಡು ಕೆಳಗಿರುವಾಗ ಡಬ್ಬಿಯ ಗೋಡೆಗೆ ತಾಗಿ ಓರೆಯಾಗುತ್ತಿತ್ತು, ಓರೆಯಾದ ತೋಳು ಮೇಲೆದ್ದರೂ ವಾಲ್ವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ನೀರು ಅಂಚು ಮೀರಿ ತೆಳ್ಳಗೆ ಗೋಡೆಯ ಮೇಲೆ ಇಳಿಯುತ್ತಿತ್ತು. ಹತ್ತು ನಿಮಿಷ ನೋಡಿದ್ದರೆ ಕಾಣುವುದೇ ಇಲ್ಲ, ಏಕೆಂದರೆ ಡಬ್ಬಿ ತುಂಬಲು ಅಷ್ಟು ಹೊತ್ತು ಬೇಕು. ತೋಳನ್ನು ಎರಡು ಬೆರಳು ಗಿಡ್ಡ ಮಾಡಿ, ವಾಲ್ವಿನ ತೂತನ್ನು ನಡುವಿಗೆ ಸರಿಸಿದೆ. ಹಳೆಯ ತೂತಿಗೆ ಎಂ-ಸೀಲ್.

ಎರಡು, ಎಡಸಾಲಿನ ಪೈಪು ಮೆಟ್ಟಿಲ ಬಾಗಿಲ ಹೊಸ್ತಿಲನ್ನು ದಾಟುವಲ್ಲಿ ಮೇಲೆದ್ದು ಇಳಿಯುತ್ತದೆ. ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಪಂಪಿನ ನೀರಾದರೆ ಗಾಳಿಯನ್ನು ತಳ್ಳಿಬಿಡುತ್ತದೆ, ಅರ್ಧ ಮೀಟರ್ ಎತ್ತರದ ನೀರಿಗೆ ಆ ಶಕ್ತಿಯಿಲ್ಲ. ದಿನವೂ ನೀರು ಖಾಲಿಯಾಗಿ ಮತ್ತೆ ತುಂಬುವ ಪೈಪಾದ್ದರಿಂದ ದಿನವೂ ಗಾಳಿ ಹೊಸದು. ಹೊಸ್ತಿಲ ಪಕ್ಕದಲ್ಲೇ ಮಳೆನೀರು ಹೋಗುವ ತೂತಿತ್ತು, ಪೈಪನ್ನು ಅದರೊಳಗಿಂದ ನುಗ್ಗಿಸಿ ಮಟ್ಟಕ್ಕೆ ತಂದೆ.

ಮೂರು, ಎಡಸಾಲಿನ ಕೊನೆಯ ಎರಡು ಡ್ರಿಪ್ಪರ್ ಬಿಚ್ಚಿದಾಗ ಒಳಗೆ ನೀಲಿ ಪ್ಲಾಸ್ಟಿಕ್ಕಿನ ಸುರುಳಿ ಚೂರುಗಳು. ನಿಪ್ಪಲ್‌ಗೆ ತೂತು ಕೊರೆದಾಗ ಬಿದ್ದ ಡ್ರಮ್ಮಿನದೇ ಪುಡಿ. ಫಿಲ್ಟರ್ ಇರಲಿಲ್ಲವೇ? ಇತ್ತು, ಮಾರ್ಚ್ 30ರಂದು ಹಾಕಿದ್ದು. ಚೂರುಗಳು 23ರಂದು ಲೋಟದ ಪರೀಕ್ಷೆ ಮಾಡಿದಾಗಲೇ ಪೈಪು ಸೇರಿದ್ದವು. ಎರಡೂ ಎಂಡ್ ಕ್ಯಾಪ್ ತೆಗೆದು ಧಾರೆಯಾಗಿ ನೀರು ಬಿಟ್ಟು ತೊಳೆದೆ. ಡ್ರಿಪ್ಪರ್ ಚುಚ್ಚುವ ಮೊದಲೇ ಮಾಡಬೇಕಾದ ಕೆಲಸ ಇದು.

ಮತ್ತೆ 50 ನಿಮಿಷ ಓಡಿಸಿದೆ, ಬಕೆಟ್ಟು ಬರಿದಾಗುವವರೆಗೆ ಕಾದು ಡ್ರಮ್ಮಿನ ಗೆರೆ ನೋಡಿದೆ. 28 ಲೀಟರಿನ ಆಸುಪಾಸಿಗೆ ಇಳಿದಿತ್ತು. ತಾಳೆಯಾಯಿತು.

ಏಪ್ರಿಲ್ 7ರಿಂದ 12: ಎರಡನೆಯ ಪರೀಕ್ಷೆ

ಹರಪನಹಳ್ಳಿ. ಈ ಊರು ನಮ್ಮ ಜಿಲ್ಲೆಯಲ್ಲಿತ್ತು, ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಹಳೆಯ ಸಾಲಪತ್ರಗಳಲ್ಲಿ ಮೂರೂ ವಿಳಾಸ ಸಿಗುತ್ತವೆ. ಬಸ್ಸಿನಲ್ಲಿ ಓದಲು ಈ ಸಲ ಧಾರಾವಾಹಿ ಬಿಟ್ಟು ಹಳೆಯ ‘ಕಸ್ತೂರಿ’ಯ ಒಂದೆರಡು ಸಂಚಿಕೆ ಹಿಡಿದು ಹೋದೆ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಮಾಸಿಕ. ಅದರ ಪುಸ್ತಕ ವಿಭಾಗ ಬಸ್ಸಿಗೆಂದೇ ಹೇಳಿ ಮಾಡಿಸಿದಂತಿದೆ: ಒಂದು ಇಡೀ ಪುಸ್ತಕದ ಸಾರ, ಊರು ಬರುವಷ್ಟರಲ್ಲಿ ಮುಗಿಯುತ್ತದೆ, ಮುಂದಿನ ವಾರಕ್ಕೆ ಕಾಯಬೇಕಿಲ್ಲ, ಎದುರುಮನೆಯವರ ಹಂಗೂ ಇಲ್ಲ.

ಶನಿವಾರ ಸಂಜೆ ಬೆಳಕಿರುವಾಗಲೇ ಬಂದೆ. ಎಲ್ಲ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿದೆ, 26ರಲ್ಲಿ 25 ತೇವ. ಒಣಗಿದ್ದು ಒಂದು ಗುಲಾಬಿ, ಅದರ ಸಣ್ಣ ಕೊಳವೆಯನ್ನು ಅಳಿಲೋ ಇಲಿಯೋ ಕಚ್ಚಿ ತುಂಡು ಮಾಡಿತ್ತು. ಡ್ರಮ್ಮಿನಲ್ಲಿ 30ರ ಗೆರೆಗೆ ಸ್ವಲ್ಪ ಕೆಳಗೆ ನೀರು. ಮಲ್ಲಿಗೆ ಬುಟ್ಟಿ ತುಂಬ ಬಿರಿದು ಬಾಡಿತ್ತು, ಕೊಯ್ಯುವವರಿರಲಿಲ್ಲ; ಅದಕ್ಕೆ ಡ್ರಿಪ್ ಏನು ಮಾಡೀತು?

ಏಪ್ರಿಲ್ 20: ಈಗಿನ ಸ್ಥಿತಿ

ಟೊಮೆಟೊ ಚೇತರಿಸಿಕೊಂಡು ಹೂ ಬಿಟ್ಟಿದೆ, ಈ ಸೆಖೆಗೆ ಹೂ ಉದುರುವುದೇ ಹೆಚ್ಚು. ಬದನೆಗೆ ಬಿಸಿಲಿನ ಪರಿವೆಯಿಲ್ಲ, ವಾರಕ್ಕೆರಡು ಸಲ ಎಣ್ಣೆಗಾಯಿಗೆ ಆಗುವಷ್ಟು ಕಾಯಿ. ಪುದೀನಕ್ಕೆ ಮಾರುಕಟ್ಟೆಯ ಕಟ್ಟಿನಿಂದ ಕಡ್ಡಿ ಊರಿದ್ದೇನೆ, ಚಿಗುರುತ್ತಿದೆ. ದಾಸವಾಳದ ಮೊಗ್ಗಿನ ಬುಡದಲ್ಲಿ ಹಿಟ್ಟು ತಿಗಣೆ ಬಿಳಿಯಾಗಿ ಕಟ್ಟಿದೆ. ಪೈಪಿನಿಂದ ನೀರು ಹಾಕುತ್ತಿದ್ದಾಗ ಎಲೆಗೂ ನೀರು ಬಿದ್ದು ಅಷ್ಟಿಷ್ಟು ತೊಳೆದು ಹೋಗುತ್ತಿತ್ತು ಎಂದು ಈಗ ಗೊತ್ತಾಗುತ್ತಿದೆ. ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸುತ್ತಿದ್ದೇನೆ, ಹಳೆಯ ಬ್ರಷ್ಷಿಗೆ ಮತ್ತೆ ಕೆಲಸ ಬಂದಿದೆ.

ಮಣ್ಣಿಗೆ ಹೊದಿಕೆ ಹಾಕಲು ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದಿದ್ದೆ. ಮೊದಲ ಗಾಳಿಗೇ ಅರ್ಧ ಹಾರಿ ಪಕ್ಕದ ಮನೆಯವರು ಒಣ ಹಾಕಿದ್ದ ಹಪ್ಪಳದ ಮೇಲೆ ಕೂತಿತು. ಕ್ಷಮೆ ಕೇಳಿ, ಒಂದು ಕೆ.ಜಿ. ಬದನೆ ಕೊಟ್ಟು ಬಂದೆ. ಈಗ ತೆಂಗಿನ ನಾರು ಹಾಕಿದ್ದೇನೆ, ಅಲುಗುವುದಿಲ್ಲ.

ಖರ್ಚು: ಉಪಯೋಗಕ್ಕೆ ಬಂದದ್ದು 4,240 ರೂಪಾಯಿ, ಅದರಲ್ಲಿ ಟೈಮರ್ ಒಂದೇ 1,850. ಡಬ್ಬಿಯಲ್ಲಿ ಬಿದ್ದಿರುವುದು 969. ಮನೆಯಲ್ಲಿ ಬೆಳಿಗ್ಗೆ ಏಳುವವರು ಯಾರಾದರೂ ಇದ್ದರೆ ಟೈಮರ್ ಬೇಡ, ಬಾಲ್ ವಾಲ್ವ್ ತಿರುಗಿಸಿ ಕಾಫಿ ಕುಡಿದು ಬಂದು ಮುಚ್ಚಿದರೆ ಆಯಿತು. ಫ್ಲೋಟ್ ವಾಲ್ವಿನ 90 ರೂಪಾಯಿ ಮಾತ್ರ ಯಾರೂ ಉಳಿಸಬಾರದು.

ನಿರ್ವಹಣೆ ಹೆಚ್ಚೇನಿಲ್ಲ. ಭಾನುವಾರ ಫಿಲ್ಟರ್ ಜಾಲರಿ ತೊಳೆಯುವುದು. ಪ್ರತಿ ಸಲವೂ ಕಂದು ಬಣ್ಣದ ರಾಡಿ ಬರುತ್ತದೆ. ಡ್ರಮ್ಮಿನ ಮುಚ್ಚಳದ ಕೆಳಗೆ ಹಳೆಯ ಪಂಚೆಯ ಬಟ್ಟೆ ಬಿಗಿದಿದ್ದೇನೆ, ಬಕೆಟ್ಟಿಗೆ ಸೊಳ್ಳೆಪರದೆಯ ತುಂಡು. ನಿಂತ ನೀರು ತೆರೆದಿಟ್ಟರೆ ಡೆಂಗಿ ಸೊಳ್ಳೆಗೆ ಆಹ್ವಾನ ಕೊಟ್ಟ ಹಾಗೆ.

ಬಾಕಿ ಉಳಿದಿರುವುದು ಎರಡು. ಅಳಿಲು ಕಚ್ಚುವ ಕಡೆ ಸಣ್ಣ ಕೊಳವೆಯನ್ನು ಮಣ್ಣಿನೊಳಗೆ ಹೂಳಬೇಕು. ಇನ್ನೊಂದು ಮಳೆ. ಮೊನ್ನೆ ಸಂಜೆ ಗುಡುಗು ಸಹಿತ ಅರ್ಧ ಗಂಟೆ ಹೊಡೆಯಿತು, ಮರುದಿನ ಬೆಳಿಗ್ಗೆ 5.30ಕ್ಕೆ ಟೈಮರ್ ತನ್ನ ಪಾಡಿಗೆ ತೆರೆದುಕೊಂಡು ಒದ್ದೆ ಕುಂಡಕ್ಕೇ ಮತ್ತೆ 28 ಲೀಟರ್ ಬಿಟ್ಟಿತು. ಮಳೆ ಬಂದರೆ ನೀರನ್ನು ಎರಡು ದಿನ ತಡೆಯುವ ಗುಂಡಿಯೊಂದು ಟೈಮರ್ ಮೇಲಿದೆ, ಆದರೆ ಒತ್ತಲು ಯಾರಾದರೂ ಮೆಟ್ಟಿಲು ಹತ್ತಬೇಕು. ಜೂನ್ ಹೊತ್ತಿಗೆ ಕೆಳಗಿನ ಮನೆಯ ಹುಡುಗನಿಗೆ ಆ ಗುಂಡಿ ತೋರಿಸಿಕೊಡುತ್ತೇನೆ. ಪೈಪು ಮಾತ್ರ ಅವನ ಕೈಗೆ ಕೊಡುವುದಿಲ್ಲ.